ಸ್ಕ್ಯಾನ್ ಇದೆಯಲ್ಲ, ಗಂಟು ಯಾಕೆ ಕೊಯ್ಯಬೇಕು? ಟಿಬಿ ಮತ್ತು ಲಿಂಫೋಮಾ ನಡುವಿನ ಗೊಂದಲದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಈಸೂರಿನಿಂದ ಮಾತಾಡ್ತಾ ಇದ್ದೀನಿ. ಹಿಂದೆ ಕೋಳಿ ಕೂಗಿದ್ರೆ, ಟ್ರ್ಯಾಕ್ಟರ್ ಹೋದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಈ ಸಂಚಿಕೆಗೆ ಕಾರಣ ಒಂದು ವಾಯ್ಸ್ ನೋಟ್. ಸೊರಬ ಕಡೆಯ ಒಬ್ಬ ತಂಗಿ ಕಳಿಸಿದ್ದು. ಅವಳ ತಮ್ಮನಿಗೆ ಕುತ್ತಿಗೆಯಲ್ಲಿ ಗಂಟು ಬಂದು ಎರಡು ತಿಂಗಳಾಯ್ತಂತೆ. ನೋವಿಲ್ಲ. ಡಾಕ್ಟರು ಗಂಟು ತೆಗೆದು ಬಯಾಪ್ಸಿಗೆ ಕಳಿಸೋಣ ಅಂದಿದ್ದಾರೆ. ಮನೆಯಲ್ಲಿ ಯಾರೂ ಒಪ್ತಿಲ್ಲ. ಅವಳ ಪ್ರಶ್ನೆ ಇಷ್ಟು: "ಅಣ್ಣಾ, ಈಗ ಪೆಟ್ ಸ್ಕ್ಯಾನ್ ಅಂತ ಬಂದಿದೆಯಂತಲ್ಲ, ಅದ್ರಲ್ಲಿ ಮೈಯೆಲ್ಲಾ ಕಾಣುತ್ತಂತೆ. ದುಡ್ಡು ಹೋದ್ರೆ ಹೋಗ್ಲಿ, ಅದನ್ನೇ ಮಾಡಿಸ್ಬಿಡ್ತೀವಿ. ಕತ್ತಿ ಹಾಕೋದು ಯಾಕೆ? ಕೊಯ್ದ್ರೆ ಹರಡುತ್ತೆ ಅಂತ ನಮ್ಮಜ್ಜಿ ಹೇಳ್ತಾರೆ."

ಅವಳ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದ್ದೀನಿ. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಆದ್ರೆ ಈ ಪ್ರಶ್ನೆ ಹಿಂದೆ ಹೋದಾಗ 120 ವರ್ಷ ಹಳೆಯ ಒಂದು ಕಥೆ ಸಿಕ್ತು, ಅದು ಇವತ್ತಿಗೂ ನಮ್ಮ ತಾಲ್ಲೂಕು ಆಸ್ಪತ್ರೆಗಳ ಒಪಿಡಿ ಸಾಲಿನಲ್ಲಿ ನಡೀತಾ ಇದೆ. ಅದಕ್ಕೇ ಕೂತು ಹೇಳೋಣ ಅನ್ನಿಸ್ತು.

ಮೊದಲು ಗಂಟು ಅಂದ್ರೇನು ನೋಡೋಣ. ಕುತ್ತಿಗೆ, ಕಂಕುಳು, ತೊಡೆಸಂದು, ಎದೆಯ ಒಳಗೆ, ಹೊಟ್ಟೆಯ ಒಳಗೆ, ಹೀಗೆ ಮೈತುಂಬಾ ಅವರೆಕಾಳಿನಷ್ಟು, ಅದಕ್ಕಿಂತ ಚಿಕ್ಕದು, ನೂರಾರು ಗ್ರಂಥಿಗಳಿವೆ. ಹೈಸ್ಕೂಲ್ ಪುಸ್ತಕದಲ್ಲಿ ದುಗ್ಧರಸ ಗ್ರಂಥಿ ಅಂತ ಓದಿರ್ತೀರಿ. ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳ ಠಾಣೆ ಅಂತ ಇಟ್ಕೊಳ್ಳಿ. ಹಲ್ಲು ಹುಳುಕಾದ್ರೆ ದವಡೆ ಕೆಳಗೆ ಊದುತ್ತೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದ್ರೆ ತೊಡೆಸಂದಿನಲ್ಲಿ ಊದುತ್ತೆ. ಅದು ಕೆಲಸ ಮಾಡ್ತಿದೆ ಅಂತ ಅರ್ಥ, ಎರಡು ಮೂರು ವಾರದಲ್ಲಿ ಇಳಿಯುತ್ತೆ. ಊದಿದ ಗಂಟುಗಳಲ್ಲಿ ಬಹುಪಾಲು ಇಂಥವೇ. ಹಾಗಾಗಿ ಇದನ್ನ ಕೇಳಿದ ತಕ್ಷಣ ಯಾರೂ ಕನ್ನಡಿ ಮುಂದೆ ಓಡಬೇಡಿ.

ತೊಂದರೆ ಇರೋದು ಇಳಿಯದೇ ಉಳಿದ ಗಂಟಿನಲ್ಲಿ. ನಾಲ್ಕರಿಂದ ಆರು ವಾರ ಆದ್ರೂ ಇದೆ, ದೊಡ್ಡದಾಗ್ತಿದೆ, ಮುಟ್ಟಿದ್ರೆ ರಬ್ಬರಿನ ಹಾಗಿದೆ, ನೋವೇ ಇಲ್ಲ, ಅಥವಾ ಕೊರಳೆಲುಬಿನ ಮೇಲಿನ ಗುಂಡಿಯಲ್ಲಿ ಬಂದಿದೆ. ಅಲ್ಲಿಂದ ಮುಂದೆ ನಮ್ಮ ದೇಶದಲ್ಲಿ ಎರಡು ಹೆಸರು ಮುಖ್ಯವಾಗಿ ಬರ್ತವೆ. ಒಂದು ಟಿಬಿ, ಇನ್ನೊಂದು ಲಿಂಫೋಮಾ. ಲಿಂಫೋಮಾ ಅಂದ್ರೆ ಆ ಠಾಣೆಯ ಬಿಳಿ ಕಣಗಳಿಗೇ ಬರೋ ಕ್ಯಾನ್ಸರ್.

ಟಿಬಿ ಅಂದ್ರೆ ಕೆಮ್ಮು, ಕಫ, ಶ್ವಾಸಕೋಶ ಅಂತ ಮಾತ್ರ ಅಂದ್ಕೊಂಡಿರ್ತೀವಿ. ಕುತ್ತಿಗೆಯ ಗ್ರಂಥಿಗೂ ಬರುತ್ತೆ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗಂಡಮಾಲೆ ಅಂತಿದ್ರು. ಕುತ್ತಿಗೆ ಸುತ್ತ ಸರ ಹಾಕಿದ ಹಾಗೆ ಗಂಟು ಬರೋದಕ್ಕೆ ಮಾಲೆ ಅನ್ನೋ ಹೆಸರು. ಹೆಸರು ಚೆನ್ನಾಗಿದೆ, ಕಾಯಿಲೆ ಅಷ್ಟೇ ಕೆಟ್ಟದು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. ಹಾಗಾಗಿ ನಮ್ಮ ಡಾಕ್ಟರ ಮನಸ್ಸಿಗೆ ಮೊದಲು ಟಿಬಿ ಬರೋದು ಸಹಜ. ಅದರಲ್ಲಿ ತಪ್ಪು ಹುಡುಕೋಕೆ ಆಗಲ್ಲ.

ಈಗ ಲಕ್ಷಣ ಕೇಳಿ. ಸಂಜೆ ಜ್ವರ. ರಾತ್ರಿ ಅಂಗಿ, ಹಾಸಿಗೆ ಒದ್ದೆಯಾಗುವಷ್ಟು ಬೆವರು. ಕಾರಣವಿಲ್ಲದೆ ತೂಕ ಇಳಿಯೋದು. ಇದು ಟಿಬಿಯ ಲಕ್ಷಣ. ಲಿಂಫೋಮಾದಲ್ಲಿ ಡಾಕ್ಟರುಗಳು 'ಬಿ ಲಕ್ಷಣ' ಅಂತ ಪಟ್ಟಿ ಮಾಡ್ತಾರೆ, ಅದರಲ್ಲಿ ಏನಿದೆ? ಜ್ವರ, ರಾತ್ರಿ ಬೆವರು, ಆರು ತಿಂಗಳಲ್ಲಿ ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ತೂಕ ಇಳಿಯೋದು. 60 ಕೆ.ಜಿ. ಇದ್ದವರು 54ಕ್ಕೂ ಕೆಳಗೆ ಬಂದ ಹಾಗೆ. ಎರಡೂ ಪಟ್ಟಿ ಪಕ್ಕ ಪಕ್ಕ ಇಟ್ರೆ ಒಂದೇ ಪಟ್ಟಿ. ಹೊರಗಿನಿಂದ ನೋಡಿ ಇದು ಅದು, ಅದು ಇದು ಅಂತ ಹೇಳೋಕೆ ಎಷ್ಟೇ ಅನುಭವ ಇದ್ರೂ ಕಷ್ಟ.

ನಮ್ಮ ಸಂಬಂಧಿಕರಲ್ಲೇ ಒಬ್ಬರಿಗೆ ಹೀಗಾಯ್ತು. ಹೆಸರು ಬೇಡ, ಊರು ಬೇಡ. ಮೆಕ್ಕೆಜೋಳ ಮುರಿಯೋ ಸಮಯದಲ್ಲಿ ತೂಕ ಇಳೀತು, ಕೆಲಸ ಜಾಸ್ತಿ ಅಂದ್ಕೊಂಡ್ರು. ಗಂಟು ಕಂಡಾಗ ಒಂದು ಕಡೆ ತೋರಿಸಿದ್ರು. ಸೂಜಿ ಚುಚ್ಚಿ ನೋಡಿದ ರಿಪೋರ್ಟ್‌ನಲ್ಲಿ ಖಚಿತ ಅಂತ ಏನೂ ಇರ್ಲಿಲ್ಲ, ಟಿಬಿ ಇರಬಹುದು ಅಂತ ಮಾತ್ರೆ ಶುರುವಾಯ್ತು. ಮೊದಲ ತಿಂಗಳು ಗಂಟು ಸ್ವಲ್ಪ ಇಳಿದ ಹಾಗೆ ಕಾಣಿಸ್ತು. ಮನೆಯವರಿಗೆಲ್ಲ ಸಮಾಧಾನ. ಆರು ತಿಂಗಳ ಕೋರ್ಸ್ ಮುಗಿಯೋ ಹೊತ್ತಿಗೆ ಉಸಿರು ಕಟ್ಟೋಕೆ ಶುರುವಾಗಿತ್ತು, ಎದೆಯೊಳಗಿನ ಗ್ರಂಥಿಗಳು ಬೆಳೆದು ಶ್ವಾಸನಾಳ ಒತ್ತುತ್ತಿದ್ವು. ಆಮೇಲೆ ಬಯಾಪ್ಸಿ, ಆಮೇಲೆ ಹಾಡ್ಜ್‌ಕಿನ್ ಲಿಂಫೋಮಾ ಅನ್ನೋ ಹೆಸರು. ಈಗ ಅವರು ಆರಾಮಾಗಿದ್ದಾರೆ, ತೋಟಕ್ಕೆ ಹೋಗ್ತಾರೆ. ಆದ್ರೆ ಕಡಿಮೆ ಔಷಧದಲ್ಲಿ ಮುಗೀಬಹುದಾಗಿದ್ದ ಕಾಯಿಲೆ ಜಾಸ್ತಿ ಔಷಧ ಕೇಳ್ತು.

ಗಂಟು ಇಳಿದ ಹಾಗೆ ಕಂಡಿತ್ತಲ್ಲ, ಅದನ್ನ ಗಮನಿಸಿ. ಲಿಂಫೋಮಾದ ಗಂಟು ಕೆಲವೊಮ್ಮೆ ತಾನಾಗೇ ಸ್ವಲ್ಪ ಇಳಿದು ಮತ್ತೆ ಏಳುತ್ತೆ. ತಿರುಗಾ ಇನ್ನೊಂದು ತಮಾಷೆ ಇದೆ. ನಿಜವಾದ ಟಿಬಿ ಗಂಟು ಸರಿಯಾದ ಮಾತ್ರೆ ತಗೊಳ್ತಿರುವಾಗಲೂ ಕೆಲವರಲ್ಲಿ ಮೊದಲು ದೊಡ್ಡದಾಗುತ್ತೆ. ಅಂದ್ರೆ 'ಮಾತ್ರೆ ಕೊಟ್ಟು ನೋಡೋಣ, ಇಳಿದ್ರೆ ಟಿಬಿ' ಅನ್ನೋ ಲೆಕ್ಕ ಎರಡೂ ಕಡೆ ಕೈ ಕೊಡುತ್ತೆ.

ಈಗ 120 ವರ್ಷದ ಕಥೆಗೆ ಬರ್ತೀನಿ. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಅನ್ನೋ ವೈದ್ಯ ಗ್ರಂಥಿಗಳು ಊದಿ ಸತ್ತ ಏಳು ಜನರ ವಿವರ ಬರೆದ. ಅಲ್ಲಿಂದ ಮುಂದೆ ಸುಮಾರು 70 ವರ್ಷ ಒಂದೇ ಜಗಳ. ಇದು ಬೇರೆ ಕಾಯಿಲೆಯೋ ಅಥವಾ ಟಿಬಿಯದೇ ಇನ್ನೊಂದು ರೂಪವೋ? 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಸೂಕ್ಷ್ಮದರ್ಶಕದಲ್ಲಿ ವಿಚಿತ್ರ ದೊಡ್ಡ ಕೋಶಗಳನ್ನು ನೋಡಿ ಚೆನ್ನಾಗಿ ವರ್ಣಿಸಿದ, ಆದ್ರೆ ಅವನೂ ಇದು ಟಿಬಿಯದೇ ಒಂದು ಬಗೆ ಅಂದ. ಕಣ್ಣೆದುರಿಗೆ ಉತ್ತರ ಇತ್ತು, ಹೆಸರು ಮಾತ್ರ ಹಳೆಯದನ್ನೇ ಕೊಟ್ಟ.

ಅದನ್ನ ಬಿಡಿಸಿದ್ದು ಡೊರೊತಿ ರೀಡ್ ಅನ್ನೋ ಯುವತಿ. 1900ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಮುಗಿಸಿ, 1902ರಲ್ಲಿ ಒಂದು ಪ್ರಬಂಧ ಪ್ರಕಟಿಸಿದಳು. ಹಾಡ್ಜ್‌ಕಿನ್ ಕಾಯಿಲೆಗೂ ಟಿಬಿಗೂ ಏನು ಸಂಬಂಧ ಅನ್ನೋದೇ ಅದರ ವಿಷಯ. ಅವಳ ತೀರ್ಮಾನ ನೇರವಾಗಿತ್ತು. ಎರಡೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು, ಆದ್ರೆ ಹಾಡ್ಜ್‌ಕಿನ್ ಕಾಯಿಲೆ ಟಿಬಿ ಅಲ್ಲ. ಆ ದೊಡ್ಡ ಕೋಶ, ಒಳಗೆ ಎರಡು ಬೀಜ, ಗೂಬೆ ಕಣ್ಣು ಬಿಟ್ಟು ನಮ್ಮನ್ನೇ ನೋಡಿದ ಹಾಗೆ ಕಾಣುತ್ತೆ, ಅದೇ ಇದರ ಗುರುತು ಅಂತ ಚಿತ್ರ ಬರೆದು ತೋರಿಸಿದಳು. ಇವತ್ತಿಗೂ ಪೆಥಾಲಜಿ ರಿಪೋರ್ಟ್‌ನಲ್ಲಿ ರೀಡ್-ಸ್ಟರ್ನ್‌ಬರ್ಗ್ ಕೋಶ ಅಂತ ಬರೆಯೋದು ಇವರಿಬ್ಬರ ಹೆಸರಿನಲ್ಲೇ.

ಆಗ ಅವಳಿಗೆ 28ರ ಆಸುಪಾಸು. ಹೆಚ್ಚು ಕಡಿಮೆ ನನ್ನ ವಯಸ್ಸು. ನಾನಿಲ್ಲಿ ಮೈಕ್ ಮುಂದೆ ಕೂತು ಎಡಿಟಿಂಗ್ ಬಾಕಿ ಇಟ್ಕೊಂಡಿದ್ದೀನಿ. ಮುಂದೆ ಬಡ್ತಿ ಸಿಗುತ್ತಾ ಅಂತ ಅವಳು ಕೇಳಿದಾಗ, ಆ ಕಾಲೇಜಿನಲ್ಲಿ ಹೆಣ್ಣುಮಕ್ಕಳು ಯಾರೂ ಪಾಠ ಮಾಡೋ ಹುದ್ದೆಯಲ್ಲಿಲ್ಲ ಅನ್ನೋ ಉತ್ತರ ಸಿಕ್ತು. ಬಿಟ್ಟು ಹೋದಳು. ಮುಂದೆ ತಾಯಿ-ಮಕ್ಕಳ ಆರೋಗ್ಯದ ಕೆಲಸದಲ್ಲಿ ದೊಡ್ಡ ಹೆಸರಾಯ್ತು, ಗ್ರಂಥಿಗಳ ಸಂಶೋಧನೆಗೆ ಮಾತ್ರ ವಾಪಸ್ ಬರಲಿಲ್ಲ. ಎಷ್ಟು ನಷ್ಟ ನೋಡಿ.

ಇದನ್ನ ಹೇಳಿದ್ದು ಯಾಕಂದ್ರೆ, ರೀಡ್ ಆ ಜಗಳ ಬಗೆಹರಿಸಿದ್ದು ಗಂಟನ್ನು ತೆಗೆದು, ಹೋಳು ಮಾಡಿ, ಬಣ್ಣ ಹಾಕಿ, ಕಣ್ಣಿಟ್ಟು ನೋಡಿ. 120 ವರ್ಷದಲ್ಲಿ ಎಷ್ಟೋ ಯಂತ್ರ ಬಂದ್ವು, ಆ ದಾರಿ ಮಾತ್ರ ಬದಲಾಗಿಲ್ಲ. ಸೊರಬದ ತಂಗಿಯ ಡಾಕ್ಟರು ಕೇಳ್ತಿರೋದು ಅದನ್ನೇ.

ಸೂಜಿ ಹಾಕಿ ನೋಡಿದ್ರೆ ಸಾಲದಾ? ಎಫ್‌ಎನ್‌ಎಸಿ ಅಂತಾರಲ್ಲ, ತೆಳ್ಳನೆ ಸೂಜಿಯಲ್ಲಿ ಒಂದಿಷ್ಟು ಕೋಶ ಎಳೆಯೋದು. ಮೊದಲ ಹೆಜ್ಜೆಗೆ ಒಳ್ಳೆಯದು, ಟಿಬಿ ಕ್ರಿಮಿ ಸಿಕ್ಕಿಬಿಟ್ರೆ ಅಲ್ಲೇ ಉತ್ತರವೂ ಸಿಗುತ್ತೆ. ಆದ್ರೆ ಲಿಂಫೋಮಾ ವಿಷಯದಲ್ಲಿ ಅದಕ್ಕೊಂದು ಮಿತಿ ಇದೆ. ನನ್ನ ಭಾಷೆಯಲ್ಲಿ ಹೇಳ್ತೀನಿ. ಒಂದು ಅಂಗಡಿಯ ಚೀಲದಿಂದ ಹತ್ತು ಬಿಲ್ಲು ಎಳೆದು ನನ್ನ ಕೈಗೆ ಕೊಟ್ರೆ, ವ್ಯಾಪಾರ ನಡೀತಿದೆ ಅಂತ ಹೇಳಬಲ್ಲೆ. ಲೆಕ್ಕ ಸರಿ ಇದೆಯಾ ಅಂತ ಹೇಳೋಕೆ ಪುಸ್ತಕ ಬೇಕು. ಯಾವುದರ ಪಕ್ಕ ಯಾವುದಿದೆ ಅನ್ನೋದು ಕಾಣಬೇಕು. ಗ್ರಂಥಿಯೂ ಹಾಗೆ. ಕೋಶಗಳು ಹೇಗೆ ಜೋಡಿಸಿಕೊಂಡಿವೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಹಾಡ್ಜ್‌ಕಿನ್‌ನಲ್ಲಂತೂ ಆ ಗೂಬೆಗಣ್ಣಿನ ಕೋಶಗಳು ಬಹಳ ವಿರಳ. ಸುತ್ತ ಸಾವಿರಾರು ಸಾದಾ ಕೋಶ, ನಡುವೆ ಅಲ್ಲೊಂದು ಇಲ್ಲೊಂದು. ಸೂಜಿಗೆ ಅದು ಸಿಗದೇ ಹೋಗಬಹುದು. ಸಾಲದ್ದಕ್ಕೆ ಟಿಬಿಯಲ್ಲಿ ಕಾಣೋ ಗ್ರಾನುಲೋಮಾ ಅನ್ನೋ ಕೋಶಗಳ ಗುಂಪು ಹಾಡ್ಜ್‌ಕಿನ್‌ನ ಗ್ರಂಥಿಯಲ್ಲೂ ಕೆಲವೊಮ್ಮೆ ಇರುತ್ತೆ. ಸೂಜಿಗೆ ಅದಷ್ಟೇ ಸಿಕ್ಕಿದ್ರೆ ರಿಪೋರ್ಟ್ ಟಿಬಿ ಕಡೆ ವಾಲುತ್ತೆ. ಅದಕ್ಕೇ ಲಿಂಫೋಮಾ ಅನುಮಾನ ಇದ್ರೆ ಇಡೀ ಗಂಟನ್ನೇ ತೆಗೆಯೋದು ಉತ್ತಮ. ಆಗದ ಜಾಗದಲ್ಲಿದ್ರೆ ದಪ್ಪ ಸೂಜಿಯಲ್ಲಿ ಉದ್ದನೆಯ ತುಂಡು ತೆಗೀತಾರೆ, ಅದಕ್ಕೆ ಕೋರ್ ಬಯಾಪ್ಸಿ ಅಂತಾರೆ.

ಕೊಯ್ದ್ರೆ ಹರಡುತ್ತೆ ಅನ್ನೋ ಅಜ್ಜಿಯ ಮಾತು. ಅಜ್ಜಿ ಸುಮ್ಮನೆ ಹೇಳಿಲ್ಲ. ಅವರ ಕಾಲದಲ್ಲಿ ಕಾಯಿಲೆ ಪೂರ್ತಿ ಬಲಿತ ಮೇಲೆ ಆಸ್ಪತ್ರೆಗೆ ಹೋಗ್ತಿದ್ರು, ಅಲ್ಲಿ ಕತ್ತಿ ಹಾಕ್ತಿದ್ರು, ಸ್ವಲ್ಪ ದಿನಕ್ಕೆ ಸಾವು. ಕಂಡದ್ದನ್ನ ಜೋಡಿಸಿ ಹೇಳಿದ್ದಾರೆ. ಆದ್ರೆ ಲಿಂಫೋಮಾ ಗಂಟು ತೆಗೆದ ಕಾರಣಕ್ಕೆ ಹರಡೋದಿಲ್ಲ. ಆ ಬಿಳಿ ಕಣಗಳು ಮೊದಲೇ ಮೈಯೊಳಗೆ ಓಡಾಡೋ ಜಾತಿ, ಅವಕ್ಕೆ ದಾರಿ ತೋರಿಸೋಕೆ ಕತ್ತಿ ಬೇಕಿಲ್ಲ. ಚಿಕಿತ್ಸೆ ನಡೆಯೋದು ಇಡೀ ಮೈಗೆ ಕೊಡೋ ಔಷಧದಿಂದ. ಕುತ್ತಿಗೆಯ ಮೇಲ್ಪದರದ ಗಂಟಾದ್ರೆ ಸಾಮಾನ್ಯವಾಗಿ ಚಿಕ್ಕ ಆಪರೇಷನ್, ಒಂದು ಗೆರೆ ಉಳಿಯುತ್ತೆ.

ಲಿಂಫೋಮಾ ಅಂದ್ರೆ ಒಂದೇ ಕಾಯಿಲೆ ಅಂತ ಬೇರೆ ಅಂದ್ಕೊಂಡಿರ್ತೀವಿ. ಇಲ್ಲೊಬ್ಬ ಸಂಶೋಧಕರ ಹೆಸರು ಹೇಳಲೇಬೇಕು, ಕಿಕ್ಕೇರಿ ನರೇಶ್. ಹೆಸರಲ್ಲೇ ಮಂಡ್ಯ ಜಿಲ್ಲೆಯ ಕಿಕ್ಕೇರಿ ಇದೆ. ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು ಅಂದ್ರೆ ನಿಮಗೆ ತಕ್ಷಣ ಗೊತ್ತಾಗುತ್ತೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿದ್ದಾಗ ಇವರು ಸಹೋದ್ಯೋಗಿಗಳ ಜೊತೆ 2773 ಲಿಂಫೋಮಾಗಳನ್ನು ಒಂದೊಂದಾಗಿ ನೋಡಿ, ಹೊಸ ವರ್ಗೀಕರಣದ ಪ್ರಕಾರ ವಿಂಗಡಿಸಿ, 2000ರಲ್ಲಿ ಪ್ರಕಟಿಸಿದ್ರು. ಹಾಡ್ಜ್‌ಕಿನ್ ಅಲ್ಲದ ಲಿಂಫೋಮಾಗಳಲ್ಲಿ ಭಾರತದಲ್ಲಿ ಯಾವ ಬಗೆ ಎಷ್ಟಿದೆ ಅನ್ನೋ ಚಿತ್ರ ಅದರಿಂದ ಸಿಕ್ತು. ಸುಮಾರು ಮೂರರಲ್ಲಿ ಒಂದು 'ಡಿಫ್ಯೂಸ್ ಲಾರ್ಜ್ ಬಿ ಸೆಲ್' ಅನ್ನೋ ವೇಗವಾಗಿ ಬೆಳೆಯೋ ಬಗೆ. ನಿಧಾನವಾಗಿ ಬೆಳೆಯೋ ಫಾಲಿಕ್ಯುಲರ್ ಬಗೆ, ಪಶ್ಚಿಮ ದೇಶಗಳಲ್ಲಿ ಬಹಳ ಸಾಮಾನ್ಯವಾದದ್ದು, ನಮ್ಮಲ್ಲಿ ಅಷ್ಟಿಲ್ಲ. ಅವರು ಮುಂದೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ, ಆಮೇಲೆ ಅಮೆರಿಕದ ಸಿಯಾಟಲ್‌ಗೆ ಹೋದ್ರು.

ಬಗೆ ಗೊತ್ತಾಗಿ ಏನು ಪ್ರಯೋಜನ ಅಂತ ಕೇಳ್ಬಹುದು. ಔಷಧ ಅದರ ಮೇಲೇ ನಿಂತಿದೆ. ಕೋಶದ ಮೈಮೇಲೆ ಸಿಡಿ20 ಅನ್ನೋ ಗುರುತು ಇದ್ರೆ ರಿಟುಕ್ಸಿಮ್ಯಾಬ್ ಅನ್ನೋ ಔಷಧ ಹೋಗಿ ಅಲ್ಲೇ ಅಂಟಿಕೊಳ್ಳುತ್ತೆ. ಗುರುತೇ ಇಲ್ಲದಿದ್ರೆ ಆ ಔಷಧಕ್ಕೆ ಕೆಲಸ ಇಲ್ಲ. ಹಾಡ್ಜ್‌ಕಿನ್‌ನ ಕೋಶಗಳಲ್ಲಿ ಸಿಡಿ30, ಸಿಡಿ15 ನೋಡ್ತಾರೆ. ಇದನ್ನೆಲ್ಲ ಪತ್ತೆ ಮಾಡೋ ಪರೀಕ್ಷೆಗೆ ಐಎಚ್‌ಸಿ ಅಂತಾರೆ. ಇದಕ್ಕೆ ಗಂಟಿನ ತುಂಡು ಬೇಕು. ಯಾವ ಸ್ಕ್ಯಾನ್ ಯಂತ್ರದ ಚಿತ್ರದಲ್ಲೂ ಸಿಡಿ20 ಅಂತ ಬರೆದಿರಲ್ಲ.

ಹಾಗಾದ್ರೆ ಸ್ಕ್ಯಾನ್ ಯಾಕೆ ಬೇಕು? ಬಹಳ ಬೇಕು. ಅದು ಉತ್ತರ ಕೊಡೋ ಪ್ರಶ್ನೆ ಬೇರೆ ಅಷ್ಟೇ.

1960, 70ರ ದಶಕದಲ್ಲಿ ಹಾಡ್ಜ್‌ಕಿನ್ ಎಲ್ಲೆಲ್ಲಿ ಹರಡಿದೆ ಅಂತ ತಿಳಿಯೋಕೆ ಏನು ಮಾಡ್ತಿದ್ರು ಗೊತ್ತಾ? ಹೊಟ್ಟೆ ಕೊಯ್ದು ನೋಡ್ತಿದ್ರು. ಗುಲ್ಮ ತೆಗೆದುಬಿಡ್ತಿದ್ರು, ಯಕೃತ್ತಿನ ತುಂಡು ತೆಗೀತಿದ್ರು, ಒಳಗಿನ ಗ್ರಂಥಿ ತೆಗೀತಿದ್ರು. ಇದು ಚಿಕಿತ್ಸೆ ಅಲ್ಲ, ಬರೀ ಎಲ್ಲಿದೆ ಅಂತ ನೋಡೋಕೆ. ಪಾದದ ಸಣ್ಣ ದುಗ್ಧನಾಳಕ್ಕೆ ಬಣ್ಣ ಬಿಟ್ಟು ಎಕ್ಸ್-ರೇ ತೆಗೆಯೋ ವಿಧಾನವೂ ಇತ್ತು. ಸಿಟಿ ಸ್ಕ್ಯಾನ್ ಬಂದ ಮೇಲೆ ಇವೆಲ್ಲ ನಿಧಾನಕ್ಕೆ ನಿಂತ್ವು. ಹಾಗಾಗಿ ಕತ್ತಿಯನ್ನ ಸ್ಕ್ಯಾನ್ ತಪ್ಪಿಸಿದ್ದು ನಿಜ. ಹೊಟ್ಟೆಯ ಕತ್ತಿ ತಪ್ಪಿಸ್ತು, ಗಂಟಿನ ಕತ್ತಿ ಉಳೀತು.

ಸಿಟಿಗೆ ಗಾತ್ರ ಕಾಣುತ್ತೆ, ಜೀವ ಕಾಣಲ್ಲ. ಪೆಟ್ ಸ್ಕ್ಯಾನ್ ಜೀವ ನೋಡುತ್ತೆ. ಇದರ ಉಪಾಯ ನನಗೆ ಬಹಳ ಇಷ್ಟ. ಗ್ಲೂಕೋಸಿನ ಹಾಗೇ ಇರೋ ಒಂದು ವಸ್ತು, ಎಫ್‌ಡಿಜಿ ಅಂತ, ಅದಕ್ಕೆ ಫ್ಲೋರಿನ್-18 ಅನ್ನೋ ವಿಕಿರಣ ಸೂಸೋ ಪರಮಾಣು ಕಟ್ಟಿರ್ತಾರೆ. ಹಸಿದ ಕೋಶಗಳು ಸಕ್ಕರೆ ಅಂದ್ಕೊಂಡು ಒಳಗೆ ಎಳೀತವೆ. ಆದ್ರೆ ಜೀರ್ಣ ಮಾಡೋಕೆ ಆಗಲ್ಲ, ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ಎಲ್ಲಿ ಹೆಚ್ಚು ಸಿಕ್ಕಿದೆಯೋ ಅಲ್ಲಿ ಚಿತ್ರದಲ್ಲಿ ಹೊಳೆಯುತ್ತೆ. ಮನುಷ್ಯರಲ್ಲಿ ಇದನ್ನ ಮೊದಲು ಬಳಸಿದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಇದಕ್ಕೇ ಸ್ಕ್ಯಾನ್‌ಗೆ ಮುಂಚೆ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು ಅನ್ನೋದು. ದಾರಿಯಲ್ಲಿ ಒಂದು ಸಿಹಿ ಟೀ ಕುಡಿದ್ರೂ ಲೆಕ್ಕ ಕೆಡುತ್ತೆ. ಶುಗರ್ ಇದ್ದವರು ಮೊದಲೇ ಹೇಳಬೇಕು. ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಕೂತಿರಬೇಕು. ಮಾತಾಡ್ತಾ ಓಡಾಡ್ತಾ ಇದ್ರೆ ಸ್ನಾಯುಗಳು ಸಕ್ಕರೆ ಎಳ್ಕೊಳ್ತವೆ.

ಮಿದುಳು, ಮೂತ್ರಕೋಶ ಎಲ್ಲರಲ್ಲೂ ಹೊಳೀತವೆ, ಹೃದಯ ಹಲವರಲ್ಲಿ. ರಿಪೋರ್ಟ್ ಕೈಗೆ ಬಂದ ತಕ್ಷಣ ಫೋಟೋ ನೋಡಿ ಮಿದುಳಿಗೆ ಬಂದಿದೆ ಅಂತ ಅಳಬೇಡಿ. ಇನ್ನೊಂದು ಹೊಳೆಯುತ್ತೆ: ಟಿಬಿ. ಟಿಬಿ ಗ್ರಂಥಿಯಲ್ಲಿ ಕ್ರಿಮಿಯ ವಿರುದ್ಧ ಹೋರಾಡ್ತಿರೋ ಕೋಶಗಳಿಗೂ ವಿಪರೀತ ಹಸಿವು. ಅವೂ ಸಕ್ಕರೆ ಎಳೀತವೆ. ಹಾಗಾಗಿ ಲಿಂಫೋಮಾ ಗಂಟೂ ಹೊಳೆಯುತ್ತೆ, ಟಿಬಿ ಗಂಟೂ ಹೊಳೆಯುತ್ತೆ. ಡೊರೊತಿ ರೀಡ್ ಬಿಡಿಸಿದ ಗಂಟನ್ನ ಈ ಯಂತ್ರ ಮತ್ತೆ ಕಟ್ಟಿಬಿಡುತ್ತೆ. ಸೊರಬದ ತಂಗಿಗೆ ನನ್ನ ಉತ್ತರ ಇದು. ದುಡ್ಡು ಕೊಟ್ಟು ಪೆಟ್ ಮಾಡಿಸಿದ್ರೂ, ರಿಪೋರ್ಟ್‌ನ ಕೊನೆಯಲ್ಲಿ 'ಬಯಾಪ್ಸಿ ಮಾಡಿ ಖಚಿತಪಡಿಸಿಕೊಳ್ಳಿ' ಅಂತಲೇ ಬರೆದಿರ್ತಾರೆ. ತಿರುಗಿ ಅದೇ ಡಾಕ್ಟರ ಮುಂದೆ ಬಂದು ಕೂರಬೇಕು, ದಿನ ಮಾತ್ರ ಹೋಗಿರುತ್ತೆ. ಒಂದು ಉಪಯೋಗ ಇದೆ. ಗಂಟು ಹಲವು ಕಡೆ ಇದ್ದಾಗ ಯಾವುದನ್ನ ತೆಗೆದ್ರೆ ಒಳ್ಳೆಯದು ಅಂತ ಪೆಟ್ ತೋರಿಸಿಕೊಡಬಲ್ಲದು. ಆ ನಿರ್ಧಾರ ಡಾಕ್ಟರಿಗೆ ಬಿಡಿ.

ಪೆಟ್ ಯಾಕೆ ಎಲ್ಲಾ ಊರಲ್ಲೂ ಇಲ್ಲ ಅನ್ನೋದಕ್ಕೆ ಯಂತ್ರದ ಬೆಲೆ ಒಂದೇ ಕಾರಣ ಅಲ್ಲ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಬಿ.ಕಾಂ. ಮಾಡಿದವರಿಗೆ ಸವಕಳಿ ಲೆಕ್ಕ ನೆನಪಿರಬೇಕು, ಡಬ್ಲ್ಯೂಡಿವಿ. ಇಲ್ಲಿ ವರ್ಷಕ್ಕೆ ಹತ್ತೋ ಹದಿನೈದೋ ಪರ್ಸೆಂಟ್ ಅಲ್ಲ, 110 ನಿಮಿಷಕ್ಕೆ 50 ಪರ್ಸೆಂಟ್! ಸೈಕ್ಲೋಟ್ರಾನ್ ಅನ್ನೋ ಯಂತ್ರದಲ್ಲಿ ಅದನ್ನ ತಯಾರಿಸಬೇಕು. ಬೆಂಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ 100 ಭಾಗ ಗಾಡಿಗೆ ಹಾಕಿದ್ರು ಅಂತ ಇಟ್ಕೊಳ್ಳಿ. ಐದೂವರೆ ಗಂಟೆ ಪ್ರಯಾಣ ಮಾಡಿ ಶಿವಮೊಗ್ಗ ಮುಟ್ಟೋ ಹೊತ್ತಿಗೆ ಮೂರು ಸಲ ಅರ್ಧ ಆಗಿರುತ್ತೆ. 100, 50, 25, 12.5. ತರೀಕೆರೆಯಲ್ಲಿ ಟೈರ್ ಪಂಕ್ಚರ್ ಆದ್ರೆ ಇನ್ನೂ ಕಮ್ಮಿ. ಇದು ಲೆಕ್ಕ ತೋರಿಸೋಕೆ ಹೇಳಿದ ಉದಾಹರಣೆ, ಅಷ್ಟೇ.

ಪೆಟ್ ನಿಜವಾಗಿ ಗೆದ್ದಿರೋದು ಚಿಕಿತ್ಸೆ ಶುರುವಾದ ಮೇಲೆ. 2007ರಲ್ಲಿ ಇಟಲಿಯ ಆಂಡ್ರಿಯಾ ಗಲ್ಲಮಿನಿ, ಡೆನ್ಮಾರ್ಕಿನ ಮಾರ್ಟಿನ್ ಹಚಿಂಗ್ಸ್ ಮತ್ತು ಜೊತೆಗಾರರು ಹಾಡ್ಜ್‌ಕಿನ್‌ನ 260 ರೋಗಿಗಳ ಅಧ್ಯಯನ ಪ್ರಕಟಿಸಿದ್ರು. ಪೂರ್ತಿ ಕೀಮೋ ಮುಗಿಯೋ ತನಕ ಕಾಯದೆ, ಎರಡೇ ಸೈಕಲ್ ಆದ ಮೇಲೆ ಪೆಟ್ ಮಾಡಿದ್ರು. ಆಗ ಹೊಳಪು ಹೋಗಿದ್ದವರಲ್ಲಿ ಎರಡು ವರ್ಷದ ನಂತರವೂ ಕಾಯಿಲೆ ಮರುಕಳಿಸದೆ ಇದ್ದವರು ಶೇ. 95. ಹೊಳಪು ಉಳಿದವರಲ್ಲಿ ಶೇ. 12.8 ಮಾತ್ರ. ಎರಡು ತಿಂಗಳಿಗೇ ಅಷ್ಟು ದೊಡ್ಡ ವ್ಯತ್ಯಾಸ ಕಾಣ್ತು.

ಇದರಿಂದ ಆದ ಉಪಕಾರ ನೋಡಿ. ಹಾಡ್ಜ್‌ಕಿನ್‌ಗೆ ಕೊಡೋ ನಾಲ್ಕು ಔಷಧಗಳಲ್ಲಿ ಬ್ಲಿಯೋಮೈಸಿನ್ ಅನ್ನೋದೊಂದಿದೆ, ಅದು ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲದು. ಎರಡು ಸೈಕಲ್ ಆದ ಮೇಲೆ ಪೆಟ್ ಚೆನ್ನಾಗಿ ಬಂದವರಿಗೆ ಅದನ್ನ ನಿಲ್ಲಿಸಿದ್ರೆ ಏನಾಗುತ್ತೆ? ಬ್ರಿಟನ್ನಿನ ಪೀಟರ್ ಜಾನ್ಸನ್ ಮತ್ತು ತಂಡ 2016ರಲ್ಲಿ ಉತ್ತರ ಕೊಟ್ರು. ಮೂರು ವರ್ಷಕ್ಕೆ ಕಾಯಿಲೆ ಮುಂದುವರಿಯದೆ ಇದ್ದವರು, ಔಷಧ ಮುಂದುವರಿಸಿದ ಗುಂಪಿನಲ್ಲಿ ಶೇ. 85.7, ನಿಲ್ಲಿಸಿದ ಗುಂಪಿನಲ್ಲಿ ಶೇ. 84.4. ಹೆಚ್ಚು ಕಡಿಮೆ ಒಂದೇ. ಶ್ವಾಸಕೋಶದ ತೊಂದರೆ ಮಾತ್ರ ನಿಲ್ಲಿಸಿದವರಲ್ಲಿ ಕಡಿಮೆ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಮುಂದಿನ ಐವತ್ತು ವರ್ಷ ಅದೇ ಶ್ವಾಸಕೋಶದಲ್ಲಿ ಉಸಿರಾಡಬೇಕು, ಗದ್ದೆ ಕೆಲಸ ಮಾಡಬೇಕು. ಸ್ಕ್ಯಾನ್‌ಗೆ ದುಡ್ಡು ಖರ್ಚು ಮಾಡೋದಾದ್ರೆ ನಾನು ಇಲ್ಲಿ ಮಾಡ್ತೀನಿ.

ಇಪ್ಪತ್ತೆರಡು ಅಂತ ಸುಮ್ಮನೆ ಹೇಳ್ಲಿಲ್ಲ. ಹಾಡ್ಜ್‌ಕಿನ್ ಹೆಚ್ಚಾಗಿ ಕಾಣಿಸೋ ವಯಸ್ಸುಗಳಲ್ಲಿ 15ರಿಂದ 35 ಒಂದು. ಇದನ್ನ ಕೇಳ್ತಿರೋ ನಿಮ್ಮದೇ ವಯಸ್ಸು. ಒಳ್ಳೆಯ ಸುದ್ದಿ ಏನಂದ್ರೆ, ಸರಿಯಾದ ಚಿಕಿತ್ಸೆ ಸಿಕ್ಕಿದ್ರೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಗುಣ ಆಗ್ತಾರೆ.

ರಿಪೋರ್ಟ್‌ನಲ್ಲಿ 'ಡೊವಿಲ್ ಸ್ಕೋರ್' ಅಂತ ಒಂದು ಅಂಕಿ ಇರುತ್ತೆ. ಡೊವಿಲ್ ಅನ್ನೋದು ಫ್ರಾನ್ಸಿನ ಕಡಲ ತೀರದ ಒಂದು ಊರು, 2009ರಲ್ಲಿ ತಜ್ಞರು ಅಲ್ಲಿ ಸೇರಿ ಈ ಅಳತೆ ಮಾಡಿದ್ರು. ಗಂಟಿನ ಹೊಳಪನ್ನ ಅದೇ ರೋಗಿಯ ಯಕೃತ್ತಿನ ಹೊಳಪಿಗೆ, ಎದೆಯ ನಡುವಿನ ರಕ್ತದ ಹೊಳಪಿಗೆ ಹೋಲಿಸ್ತಾರೆ. 1ರಿಂದ 5ರ ತನಕ. 1, 2, 3 ಬಂದ್ರೆ ಸಾಮಾನ್ಯವಾಗಿ ಔಷಧ ಕೆಲಸ ಮಾಡಿದೆ ಅಂತ. 4, 5 ಅಂದ್ರೆ ಯಕೃತ್ತಿಗಿಂತ ಹೆಚ್ಚು ಹೊಳೀತಿದೆ, ಮತ್ತೆ ಯೋಚಿಸಬೇಕು ಅಂತ. ಪರೀಕ್ಷೆಯ ಮಾರ್ಕ್ಸ್ ಹಾಗಲ್ಲ ಇದು, ಇಲ್ಲಿ ಕಡಿಮೆ ಬಂದವನೇ ಪಾಸ್. ಚಿಕಿತ್ಸೆ ಮುಗಿದ ಮೇಲೂ ಸಿಟಿಯಲ್ಲಿ ಗಂಟು ಸ್ವಲ್ಪ ಉಳಿದಿರಬಹುದು. ಪೆಟ್‌ನಲ್ಲಿ ಅದು ಹೊಳೆಯದಿದ್ರೆ ಹೆಚ್ಚಾಗಿ ಒಣಗಿದ ಕಲೆ ಅಷ್ಟೇ.

ಈಗ ಕೆಲಸಕ್ಕೆ ಬರೋ ಮಾತು. ನಮ್ಮ ಈಸೂರು ಅಂದ್ರೆ ಜನಕ್ಕೆ 1942 ನೆನಪಾಗುತ್ತೆ, ಬ್ರಿಟಿಷರಿಗೆ ಊರು ಕೊಡಲ್ಲ ಅಂದವರ ಊರು. ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಮಾತ್ರ ಒಂದು ಪ್ರಶ್ನೆ ಕೇಳೋಕೂ ನಮಗೆ ಸಂಕೋಚ. ಶಿಕಾರಿಪುರಕ್ಕೆ ಹೋಗಿ, ಅಲ್ಲಿಂದ 50 ಕಿಲೋಮೀಟರ್ ಮೇಲೆ ಶಿವಮೊಗ್ಗಕ್ಕೆ ಹೋಗಿ, ದೊಡ್ಡ ಡಾಕ್ಟರ ಮುಂದೆ ಎರಡು ನಿಮಿಷ ಕೂತು, ಹೂಂ ಸಾರ್ ಅಂತ ಎದ್ದು ಬರ್ತೀವಿ. ಕೇಳಬೇಕಾದ್ದು ಇಷ್ಟೇ. "ಸಾರ್, ಟಿಬಿ ಅಂತ ಯಾವ ಪರೀಕ್ಷೆಯಲ್ಲಿ ಖಚಿತ ಆಗಿದೆ?" ಉತ್ತರ ಸಿಬಿನ್ಯಾಟ್‌ನಲ್ಲೋ, ಟ್ರೂನ್ಯಾಟ್‌ನಲ್ಲೋ, ಕಲ್ಚರ್‌ನಲ್ಲೋ ಕ್ರಿಮಿ ಸಿಕ್ಕಿದೆ ಅಂತ ಬಂದ್ರೆ ನೆಮ್ಮದಿಯಾಗಿ ಮಾತ್ರೆ ನುಂಗಿ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಯೂ ಉಚಿತ, ಆರು ತಿಂಗಳ ಮಾತ್ರೆಯೂ ಉಚಿತ. ಯಾರಾದ್ರೂ ಈಗಾಗಲೇ ಟಿಬಿ ಮಾತ್ರೆ ತಗೊಳ್ತಿದ್ರೆ ನನ್ನ ಮಾತು ಕೇಳಿ ನಿಲ್ಲಿಸಬೇಡಿ, ದಯವಿಟ್ಟು. ಅರ್ಧಕ್ಕೆ ಬಿಟ್ಟ ಟಿಬಿ ಔಷಧಕ್ಕೆ ಬಗ್ಗದ ಟಿಬಿಯಾಗಿ ವಾಪಸ್ ಬರಬಹುದು. ಅನುಮಾನ ಇದ್ರೆ ಅದೇ ಡಾಕ್ಟರ ಹತ್ರ ಹೋಗಿ ಕೇಳಿ.

ಗಂಟು ತೆಗೆಯೋ ದಿನದ ಒಂದು ಸಣ್ಣ ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ತೆಗೆದ ತುಂಡನ್ನ ಸಾಮಾನ್ಯವಾಗಿ ಫಾರ್ಮಾಲಿನ್ ಬಾಟಲಿಗೆ ಹಾಕ್ತಾರೆ. ಪೆಥಾಲಜಿಗೆ ಅದು ಸರಿ. ಆದ್ರೆ ಫಾರ್ಮಾಲಿನ್‌ಗೆ ಬಿದ್ದ ತುಂಡಿನಲ್ಲಿ ಟಿಬಿ ಕ್ರಿಮಿ ಬೆಳೆಸಿ ನೋಡೋಕೆ ಆಗಲ್ಲ. ಅದಕ್ಕೆ ಒಂದು ಚಿಕ್ಕ ಭಾಗ ಬೇರೆ ಬಾಟಲಿಯಲ್ಲಿ, ಸಲೈನ್‌ನಲ್ಲಿ, ಟಿಬಿ ಪರೀಕ್ಷೆಗೆ ಹೋಗ್ಬೇಕು. ಆಪರೇಷನ್‌ಗೆ ಮುಂಚೆ "ಸಾರ್, ಟಿಬಿ ಟೆಸ್ಟಿಗೂ ಒಂದು ತುಂಡು ಕಳಿಸ್ತೀರಲ್ವಾ?" ಅಂತ ಒಂದು ಮಾತು ಕೇಳಿ. ಒಂದೇ ಸಲ ಕೊಯ್ದು ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತೆ. ಇನ್ನೊಂದು, ಬಯಾಪ್ಸಿಗೆ ಮುಂಚೆ ಊತ ಇಳಿಯಲಿ ಅಂತ ಎಲ್ಲೋ ಸ್ಟಿರಾಯ್ಡ್ ಮಾತ್ರೆ ತಗೊಂಡಿದ್ರೆ ಮುಚ್ಚಿಡಬೇಡಿ. ಸ್ಟಿರಾಯ್ಡ್‌ಗೆ ಲಿಂಫೋಮಾ ಕೋಶಗಳು ತಾತ್ಕಾಲಿಕವಾಗಿ ಕರಗ್ತವೆ, ಆಗ ತುಂಡಿನಲ್ಲಿ ಏನೂ ಸಿಗದೇ ಹೋಗಬಹುದು.

ಖರ್ಚಿನ ಬಗ್ಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಯಾವ ಪರೀಕ್ಷೆ, ಯಾವ ಔಷಧ ಅದರೊಳಗೆ ಬರುತ್ತೆ ಅಂತ ಆಸ್ಪತ್ರೆಯಲ್ಲಿರೋ ಆರೋಗ್ಯಮಿತ್ರರನ್ನ ಚಿಕಿತ್ಸೆ ಶುರುವಾಗೋ ಮುಂಚೆ ಕೇಳಿ. ಮುಗಿದ ಮೇಲೆ ಬಿಲ್ಲು ಹಿಡ್ಕೊಂಡು ಹೋದ್ರೆ ಕಷ್ಟ. ರೆಫರಲ್ ಚೀಟಿ ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಿ ಇಟ್ಕೊಳ್ಳಿ.

ಕೊನೆಯದಾಗಿ, ಬಯಾಪ್ಸಿ ಆದ ಮೇಲೆ ಕಾಗದದ ರಿಪೋರ್ಟ್ ಮಾತ್ರ ತಗೊಂಡು ಬರಬೇಡಿ. ಆ ತುಂಡನ್ನ ಮೇಣದಲ್ಲಿ ಹುದುಗಿಸಿ ಒಂದು ಚಿಕ್ಕ ಬ್ಲಾಕ್ ಮಾಡಿರ್ತಾರೆ, ಜೊತೆಗೆ ಗಾಜಿನ ಸ್ಲೈಡ್‌ಗಳಿರ್ತವೆ. ಕಿದ್ವಾಯಿಗೋ ಮಣಿಪಾಲಕ್ಕೋ ಹೋಗ್ಬೇಕಾಗಿ ಬಂದ್ರೆ ಅಲ್ಲಿನವರು ಮೊದಲು ಕೇಳೋದು ಅದನ್ನೇ. ಅರ್ಜಿ ಬರೆದು ಲ್ಯಾಬ್‌ನಿಂದ ಪಡೀಬಹುದು. ಬ್ಲಾಕ್ ಇದ್ರೆ ಮತ್ತೆ ಕೊಯ್ಯದೇ ಹೊಸ ಪರೀಕ್ಷೆ ಮಾಡಬಹುದು. ಬಸ್ಸಿನಲ್ಲಿ ತಗೊಂಡು ಹೋಗುವಾಗ ಡಬ್ಬಿಯಲ್ಲಿ ಹತ್ತಿ ಹಾಕಿ ಇಡಿ, ಬಿಸಿಲು ಬೀಳೋ ಕಿಟಕಿ ಪಕ್ಕ ಬೇಡ, ಮೇಣ ಕರಗೀತು.